ಒಂದೇ ಕಾರ್ಡಿನ ಸುತ್ತ ಕಟ್ಟಿದ ಡೆಕ್: ಐಡಿಯಾ ಸರಿ ಇದ್ದರೂ ಓಡುವುದಿಲ್ಲ, ಯಾಕೆ?

ನೀಲಿಮಸಿ

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ, ಮಾಡರ್ನ್ ಫಾರ್ಮ್ಯಾಟ್ (ಯಾವ ಕಾರ್ಡ್ ಬಳಸಬಹುದು ಅನ್ನುವ ನಿಯಮಗಳ ಗುಂಪು). ಡೆಕ್ಕಿನ ನಾಯಕ ಪರ್ಸಿಸ್ಟೆಂಟ್ ಪೆಟಿಷನರ್ಸ್. ಗೊತ್ತಿಲ್ಲದವರಿಗೆ: ಬೆಲೆ ಎರಡು ಮನಾ (ಲ್ಯಾಂಡ್ ಕಾರ್ಡ್‌ಗಳು ಕೊಡುವ, ಹಣದಂತೆ ಖರ್ಚು ಮಾಡುವ ಸಂಪನ್ಮೂಲ), ನೀಲಿ ಬಣ್ಣ, 1/3 ಕ್ರೀಚರ್ (ಪವರ್ ಅಂದರೆ ಹೊಡೆತ 1, ತಾಳಿಕೆ 3). ಒಂದು ಮನಾ ಕೊಟ್ಟು ಟ್ಯಾಪ್ ಮಾಡಿದರೆ (ಬಳಸಿದ ಗುರುತಾಗಿ ಅಡ್ಡ ತಿರುಗಿಸಿದರೆ) ಎದುರಾಳಿಯ ಲೈಬ್ರರಿಯಿಂದ (ಎಳೆಯುವ ಕಟ್ಟಿನಿಂದ) ಒಂದು ಕಾರ್ಡ್ ಮಿಲ್, ಅಂದರೆ ನೇರ ಗ್ರೇವ್‌ಯಾರ್ಡಿಗೆ (ಬಳಸಿ ಮುಗಿದ ಕಾರ್ಡ್‌ಗಳ ಗುಡ್ಡೆಗೆ). ಎಳೆಯಲು ಕಾರ್ಡ್ ಇಲ್ಲದವರು ಸೋಲುತ್ತಾರೆ. ಟ್ಯಾಪ್ ಆಗದ ನಾಲ್ಕು ಅಡ್ವೈಸರ್‌ಗಳನ್ನು (ಪೆಟಿಷನರ್ಸ್ ಸೇರಿದ ಕ್ರೀಚರ್ ಜಾತಿ) ಒಟ್ಟಿಗೆ ಟ್ಯಾಪ್ ಮಾಡಿದರೆ ಹನ್ನೆರಡು ಕಾರ್ಡ್ ಮಿಲ್. ಇದಕ್ಕೆ ನಾಲ್ಕು ಪ್ರತಿಯ ಮಿತಿ ಇಲ್ಲ. ಎಷ್ಟು ಬೇಕಾದರೂ ಹಾಕಬಹುದು ಅಂತ ಕಾರ್ಡಿನ ಮೇಲೇ ಬರೆದಿದೆ.

ಜೊತೆಗೆ ಥ್ರಮಿಂಗ್ ಸ್ಟೋನ್, ಐದು ಮನಾ. ಅದು ಮೇಜಿನ ಮೇಲಿದ್ದರೆ ನಾವು ಆಡುವ ಪ್ರತಿ ಸ್ಪೆಲ್ಲಿಗೂ ರಿಪಲ್ 4 ಬರುತ್ತದೆ: ಮೇಲಿನ ನಾಲ್ಕು ಕಾರ್ಡ್ ತೆರೆದು, ಅದೇ ಹೆಸರಿನವು ಸಿಕ್ಕರೆ ಪುಕ್ಕಟೆ ಆಡಬಹುದು, ಉಳಿದವು ತಳಕ್ಕೆ.

ಈಗಿನ ಪಟ್ಟಿ: ಪೆಟಿಷನರ್ಸ್ 34, ಸ್ಟೋನ್ 2, ಎಲಿಕ್ಸರ್ ಆಫ್ ಇಮ್ಮಾರ್ಟಾಲಿಟಿ 4, ಐಲ್ಯಾಂಡ್ (ನೀಲಿ ಮನಾ ಕೊಡುವ ಲ್ಯಾಂಡ್) 20. ಕಾಗದದ ಮೇಲೆ ಆರನೇ ಟರ್ನಿಗೆ ಮುಗಿಯಬೇಕು: ಎರಡನೇ ಟರ್ನಿಗೆ ಒಬ್ಬ, ಮೂರಕ್ಕೆ ಒಬ್ಬ, ನಾಲ್ಕಕ್ಕೆ ಇಬ್ಬರು, ಐದಕ್ಕೆ ಇಬ್ಬರು, ಆರಕ್ಕೆ ಇಬ್ಬರು. ನಾಲ್ಕು ಮತ್ತು ಐದರಲ್ಲಿ ಒಂದೊಂದು ಸಲ, ಆರರಲ್ಲಿ ಎರಡು ಸಲ ಮಿಲ್, ಒಟ್ಟು 48. ಎದುರಾಳಿಯ ಲೈಬ್ರರಿಯಲ್ಲಿ ಆಗ ಉಳಿದಿರುವುದೂ 48. ಆದರೆ ಆಟದಲ್ಲಿ ಎಂಟೊಂಬತ್ತನೇ ಟರ್ನ್ ಆದರೂ ಮುಗಿಯುವುದಿಲ್ಲ. ಎಲ್ಲಿ ಸೋರುತ್ತಿದೆ?

ಲೆಕ್ಕಣಿಕೆ

ಸೋರುವುದು ಮೊದಲ ಸಾಲಿನಲ್ಲೇ. ಮನಾ ಲೆಕ್ಕ ಹಾಕಿದ್ದೀರಿ, ಕಾರ್ಡ್ ಲೆಕ್ಕ ಹಾಕಿಲ್ಲ.

ಮೊದಲು ಆಡುವವರು ಆರನೇ ಟರ್ನಿನ ಹೊತ್ತಿಗೆ ನೋಡುವುದು 7 + 5 = 12 ಕಾರ್ಡ್. ನಿಮ್ಮ ಯೋಜನೆಗೆ ಕನಿಷ್ಠ ಬೇಕಾದ್ದು 4 ಲ್ಯಾಂಡ್, 8 ಪೆಟಿಷನರ್ಸ್, ಅಂದರೆ 12. ಒಂದು ಕಾರ್ಡೂ ಆಚೀಚೆ ಆಗುವಂತಿಲ್ಲ. ಎರಡನೆಯವರಾಗಿ ಆಡಿದರೆ 13, ಆಗಲೂ ತಪ್ಪಬಹುದಾದ್ದು ಒಂದೇ ಕಾರ್ಡ್. ಹಾಗಾಗಿ ಸ್ಟೋನ್ ಇಲ್ಲದೆ ಆರನೇ ಟರ್ನಿನ ಗೆಲುವು ನಿಮ್ಮ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಇಲ್ಲ. ಇದು ಸ್ಟೋನ್ ಡೆಕ್. ಪೆಟಿಷನರ್ಸ್ ಬರೀ ಮದ್ದುಗುಂಡು. ಹೀಗೆ ನೋಡಿದರೆ ಉಳಿದ ತಪ್ಪುಗಳು ತಾವಾಗಿ ಕಾಣುತ್ತವೆ.

ಸ್ಟೋನ್ 2 ಪ್ರತಿ ಇದ್ದರೆ ಐದನೇ ಟರ್ನಿಗೆ (ಮೊದಲು ಆಡಿದರೆ 11 ಕಾರ್ಡ್) ಒಂದಾದರೂ ಸಿಗುವ ಸಾಧ್ಯತೆ ಶೇ. 34. ನಾಲ್ಕು ಹಾಕಿದರೆ ಶೇ. 57. ಅದು ಲೆಜೆಂಡರಿ (ಒಬ್ಬರ ಮೇಜಿನ ಮೇಲೆ ಒಂದೇ ಇರಬಹುದು), ಎರಡನೆಯದು ದಂಡ ಅಂತ ಎರಡೇ ಹಾಕಿರಬೇಕು. ಕೈಯಲ್ಲಿ ಎರಡನೇ ಸ್ಟೋನ್ ಕೂತಿದ್ದರೆ ಹೋಗುವುದು ಒಂದು ಕಾರ್ಡ್. ಮೊದಲನೆಯದೇ ಬಾರದಿದ್ದರೆ ಆಟವೇ ಹೋಗುತ್ತದೆ. ನಾಲ್ಕು ಕಡ್ಡಾಯ.

ಅದರ ಮೇಲೆ ಫ್ಯಾಬ್ರಿಕೇಟ್ 4. ಮೂರು ಮನಾ, ಲೈಬ್ರರಿಯಿಂದ ಯಾವುದಾದರೂ ಆರ್ಟಿಫ್ಯಾಕ್ಟ್ ಹುಡುಕಿ ಕೈಗೆ ತರುತ್ತದೆ. ಈಗ ಸ್ಟೋನಿಗೆ ದಾರಿ 8 ಕಾರ್ಡ್. 11 ಕಾರ್ಡಿನಲ್ಲಿ ಒಂದಾದರೂ ಸಿಗುವ ಸಾಧ್ಯತೆ ಶೇ. 82. ಮೂರನೇ ಅಥವಾ ನಾಲ್ಕನೇ ಟರ್ನಿನಲ್ಲಿ ಫ್ಯಾಬ್ರಿಕೇಟ್, ಐದರಲ್ಲಿ ಸ್ಟೋನ್, ಆರರಲ್ಲಿ ಸರಪಳಿ.

ಲ್ಯಾಂಡ್. 60ರಲ್ಲಿ 20 ಇದ್ದರೆ 11 ಕಾರ್ಡ್ ನೋಡಿದಾಗ ಐದು ಅಥವಾ ಹೆಚ್ಚು ಲ್ಯಾಂಡ್ ಇರುವ ಸಾಧ್ಯತೆ ಶೇ. 27 ಅಷ್ಟೇ. 24 ಮಾಡಿದರೂ ಶೇ. 47. ಐದು ಮನಾದ ಕಾರ್ಡನ್ನು ಐದನೇ ಟರ್ನಿಗೇ ಇಳಿಸುತ್ತೇನೆ ಅಂತ ಹೊರಡುವ ಎಲ್ಲರೂ ಎಡವುವ ಜಾಗ ಇದು.

ಎಲಿಕ್ಸರ್ ನಾಲ್ಕೂ ತೆಗೆಯಿರಿ. ಮಿಲ್ ಮಾಡುವ ಡೆಕ್ಕಿಗೆ ತನ್ನ ಗ್ರೇವ್‌ಯಾರ್ಡ್ ವಾಪಸ್ ಕಲೆಸಿಕೊಳ್ಳುವ ತುರ್ತು ಏನಿದೆ?

ಜೋಕರ್‌ಬೇಡ

34 ಇದ್ದದ್ದನ್ನು ಇಳಿಸಿದರೆ ರಿಪಲ್ ತುಂಡಾಗಲ್ವಾ ಗುರು? ಆ ಭಯಕ್ಕೇ ಅಲ್ವಾ ಎಲ್ಲರೂ 30ರ ಮೇಲೆ ಹಾಕೋದು.

ಲೆಕ್ಕಣಿಕೆ

ಲೆಕ್ಕ ಸರಳ. ಒಂದು ರಿಪಲ್ ನಾಲ್ಕು ಕಾರ್ಡ್ ತೆರೆಯುತ್ತದೆ. ಡೆಕ್ಕಿನಲ್ಲಿ ಪೆಟಿಷನರ್ಸ್ ಪಾಲು p ಆದರೆ, ಒಬ್ಬನಿಂದ ಸರಾಸರಿ 4p ಹೊಸಬರು ಬರುತ್ತಾರೆ. 4p ಒಂದಕ್ಕಿಂತ ಹೆಚ್ಚಿದ್ದರೆ ಸರಪಳಿ ಬೆಳೆಯುತ್ತದೆ, ಕಡಿಮೆ ಇದ್ದರೆ ಸಾಯುತ್ತದೆ. ಗಡಿ ಅಂದರೆ ಕಾಲು ಭಾಗ, 60ಕ್ಕೆ 15. ಆದರೆ ಗಡಿಯ ಮೇಲೆ ಕೂತರೆ ಸಾಲದು, ಶುರುವಿನಲ್ಲೇ ತುಂಡಾಗುವ ಅಪಾಯವೂ ಕಮ್ಮಿ ಇರಬೇಕು.

ಸ್ಟೋನ್ 4, ಫ್ಯಾಬ್ರಿಕೇಟ್ 4, ಲ್ಯಾಂಡ್ 24 ಕಳೆದರೆ ಪೆಟಿಷನರ್ಸ್‌ಗೆ ಉಳಿಯುವುದು 28. 28 ಇದ್ದರೆ ಸರಾಸರಿ 1.87. ಮೊದಲ ನಾಲ್ಕರಲ್ಲಿ ಒಬ್ಬನೂ ಇಲ್ಲದಿರುವ ಸಾಧ್ಯತೆ ಸುಮಾರು ಶೇ. 8. ಒಂದೆರಡು ಹೆಜ್ಜೆ ಹೋಗಿ ನಿಲ್ಲುವುದನ್ನೂ ಸೇರಿಸಿದರೆ ಸುಮಾರು ಶೇ. 12. 25ಕ್ಕೆ ಇಳಿಸಿದರೆ ಸರಾಸರಿ 1.67, ತುಂಡಾಗುವುದು ಸುಮಾರು ಶೇ. 20. ಕೇಳೋದಕ್ಕೆ ದೊಡ್ಡದಾಗಿ ಕಾಣುತ್ತದೆ, ಆದರೆ ಆರನೇ ಟರ್ನಿನಲ್ಲಿ ಆರು ಮನಾ ಇದೆ. ಕೈಯಲ್ಲಿ ಇಬ್ಬರು ಪೆಟಿಷನರ್ಸ್ ಇಟ್ಟುಕೊಂಡಿದ್ದರೆ ಎರಡು ಪ್ರಯತ್ನ, ಎರಡೂ ಸೋಲುವುದು ಸುಮಾರು ಶೇ. 4. ಸ್ಟೋನ್ ಬರುವ ಮೊದಲು ಇದ್ದಬದ್ದ ಪೆಟಿಷನರ್ಸ್ ಎಲ್ಲ ಕೆಳಗಿಳಿಸಬೇಡಿ ಅನ್ನುವುದು ಇದಕ್ಕೇ. ರಕ್ಷಣೆಗೆ ಒಬ್ಬರೋ ಇಬ್ಬರೋ ಸಾಕು, 1/3 ಅಂದರೆ ಸಣ್ಣ ಕ್ರೀಚರ್‌ಗಳನ್ನು ತಡೆಯುತ್ತಾರೆ. ಉಳಿದವರು ಕೈಯಲ್ಲಿರಲಿ.

28ರಿಂದ 25ಕ್ಕೆ ಇಳಿಸಿ, ಒಂದು ಲ್ಯಾಂಡೂ ಕಡಿಮೆ ಮಾಡಿದರೆ ನಾಲ್ಕು ಜಾಗ. ಅಲ್ಲಿಗೆ ಮೈಂಡ್ ಸ್ಟೋನ್ 4: ಎರಡು ಮನಾ, ಪ್ರತಿ ಟರ್ನ್ ಒಂದು ಮನಾ, ಬೇಡವಾದಾಗ ಒಂದು ಮನಾ ಕೊಟ್ಟು ಬಲಿ ಕೊಟ್ಟರೆ ಒಂದು ಕಾರ್ಡ್. ಎರಡನೇ ಟರ್ನಿಗೆ ಇದು ಇಳಿದರೆ ನಾಲ್ಕು ಲ್ಯಾಂಡಿನಲ್ಲೇ ನಾಲ್ಕನೇ ಟರ್ನಿಗೆ ಥ್ರಮಿಂಗ್ ಸ್ಟೋನ್.

ಪೆಟಿಷನರ್ಸ್ 25, ಥ್ರಮಿಂಗ್ ಸ್ಟೋನ್ 4, ಫ್ಯಾಬ್ರಿಕೇಟ್ 4, ಮೈಂಡ್ ಸ್ಟೋನ್ 4, ಲ್ಯಾಂಡ್ 23. ಒಟ್ಟು 60.

ಕೈಖಾಲಿ

ಪಟ್ಟಿ ಒಪ್ಪಿಗೆ. ರೂಲ್ ಬಗ್ಗೆ ಮೂರು ಮಾತು ಸೇರಿಸುತ್ತೇನೆ, ಯಾಕೆಂದರೆ ಈ ಡೆಕ್ ಆಡುವವರು ಅರ್ಧ ಆಟ ಸೋಲುವುದು ಇಲ್ಲೇ.

ಹನ್ನೆರಡು ಮಿಲ್ ಮಾಡುವ ಶಕ್ತಿಯ ವೆಚ್ಚದಲ್ಲಿ ಟ್ಯಾಪ್ ಚಿಹ್ನೆ ಇಲ್ಲ, ‘ನಾಲ್ಕು ಅಡ್ವೈಸರ್‌ಗಳನ್ನು ಟ್ಯಾಪ್ ಮಾಡಿ’ ಅಂತ ಮಾತಿನಲ್ಲಿ ಇದೆ. ಹಾಗಾಗಿ ಈ ಟರ್ನಿನಲ್ಲೇ ಇಳಿದವರನ್ನೂ ಬಳಸಬಹುದು. ಒಂದು ಕಾರ್ಡ್ ಮಿಲ್ ಮಾಡುವ ಶಕ್ತಿಗೆ ಮಾತ್ರ ಚಿಹ್ನೆ ಇದೆ, ಅದಕ್ಕೆ ಹಿಂದಿನ ಟರ್ನಿನಿಂದ ಇದ್ದವನೇ ಬೇಕು. ಸರಪಳಿಯಲ್ಲಿ ಹದಿನಾರು ಜನ ಬಂದರೆ ಅದೇ ಕ್ಷಣ 48 ಮಿಲ್.

ರಿಪಲ್ ಟ್ರಿಗರ್ ಆಗುವುದು (ತಾನಾಗಿ ಶುರುವಾಗುವುದು) ಸ್ಪೆಲ್ ಆಡಿದಾಗ, ಅದು ಇಳಿದಾಗ ಅಲ್ಲ. ಎದುರಾಳಿ ಮೊದಲ ಪೆಟಿಷನರ್‌ನನ್ನು ಕೌಂಟರ್ ಮಾಡಿದರೂ (ಇಳಿಯುವ ಮೊದಲೇ ರದ್ದು ಮಾಡಿದರೂ) ರಿಪಲ್ ನಡೆಯುತ್ತದೆ. ಅದೇ ಅವರು ಟ್ರಿಗರ್‌ಗೆ ಉತ್ತರವಾಗಿ ಥ್ರಮಿಂಗ್ ಸ್ಟೋನನ್ನೇ ಒಡೆದರೆ, ಈಗಾಗಲೇ ಸ್ಟ್ಯಾಕಿನಲ್ಲಿ (ನಡೆಯಲು ಕಾದಿರುವ ಸಾಲಿನಲ್ಲಿ) ಇರುವ ಒಂದು ರಿಪಲ್ ನಡೆಯುತ್ತದೆ, ಅದರಿಂದ ಬಂದ ಹೊಸಬರಿಗೆ ರಿಪಲ್ ಇರುವುದಿಲ್ಲ. ಅಲ್ಲಿಗೆ ಸರಪಳಿ ನಿಂತಿತು. ಎದುರಾಳಿ ಆರ್ಟಿಫ್ಯಾಕ್ಟ್ ಒಡೆಯುವ ಮನಾ ತೆರೆದಿಟ್ಟಿದ್ದರೆ ಒಂದು ಟರ್ನ್ ಕಾಯಿರಿ, ಎರಡನೇ ಸ್ಟೋನ್ ಆಗ ದಂಡ ಅನ್ನಿಸುವುದಿಲ್ಲ.

ರೂಲ್ ಆಫ್ ಲಾ ತರಹದ ಕಾರ್ಡ್, ಅಂದರೆ ಟರ್ನಿಗೆ ಒಂದೇ ಸ್ಪೆಲ್ ಅನ್ನುವಂಥದ್ದು, ಈ ಡೆಕ್ಕಿನ ಕತ್ತು ಹಿಸುಕುತ್ತದೆ. ರಿಪಲ್‌ನಿಂದ ಪುಕ್ಕಟೆ ಆಡುವುದೂ ‘ಆಡುವುದೇ’.

ಇನ್ನೊಂದು. ಲೈಬ್ರರಿ ಖಾಲಿಯಾದ ಮಾತ್ರಕ್ಕೆ ಎದುರಾಳಿ ಸೋಲುವುದಿಲ್ಲ, ಖಾಲಿ ಲೈಬ್ರರಿಯಿಂದ ಡ್ರಾ ಮಾಡಲು ಹೋದಾಗ ಸೋಲುತ್ತಾರೆ. ಅಂದರೆ ಅವರಿಗೆ ಒಂದು ಅಪ್‌ಕೀಪ್ (ಟರ್ನಿನಲ್ಲಿ ಡ್ರಾಗೆ ಮುಂಚಿನ ಹಂತ) ಇದೆ. ಅಲ್ಲಿ ಏನು ಮಾಡಬಲ್ಲರು ಅಂತ ಮೊದಲೇ ಯೋಚಿಸಿ.

ಬಲೆಗಾರ

ಯು-ಗಿ-ಓ ಅನ್ನುವ ಇನ್ನೊಂದು ಕಾರ್ಡ್ ಆಟದ ಕಡೆಯಿಂದ. ಮನಾ ಇಲ್ಲದ ಆಟದಲ್ಲೂ ಇದೇ ಕಾಯಿಲೆ, ಹೆಸರು ಮಾತ್ರ ಬೇರೆ. ಅಲ್ಲಿ ಬಿಗಿ ಇರುವುದು ಎರಡು ಕಡೆ: ಮೊದಲ ಕೈ ಐದೇ ಕಾರ್ಡ್, ಟರ್ನಿಗೆ ನಾರ್ಮಲ್ ಸಮನ್ (ಕೈಯಿಂದ ಮಾನ್‌ಸ್ಟರ್ ಇಳಿಸುವ ಮಾಮೂಲಿ ದಾರಿ) ಒಂದೇ. ಮೊದಲು ಆಡುವವರಿಗೆ ಮೊದಲ ಟರ್ನಿನ ಡ್ರಾ ಕೂಡ ಇಲ್ಲ. ಆದ್ದರಿಂದ ಡೆಕ್ ಕಟ್ಟುವಾಗ ಎಣಿಸಬೇಕಾದ್ದು ಸ್ಟಾರ್ಟರ್, ಅಂದರೆ ಒಂಟಿಯಾಗಿ ಕೈಯಲ್ಲಿದ್ದರೂ ಆಟ ಶುರು ಮಾಡಬಲ್ಲ ಕಾರ್ಡ್.

40 ಕಾರ್ಡಿನ ಡೆಕ್ಕಿನಲ್ಲಿ ಐದು ಎಳೆದಾಗ ಒಂದಾದರೂ ಸ್ಟಾರ್ಟರ್ ಸಿಗುವುದು: 9 ಇದ್ದರೆ ಶೇ. 74, 12 ಇದ್ದರೆ ಶೇ. 85, 15 ಇದ್ದರೆ ಶೇ. 92. ‘ಒಳ್ಳೆ ಕಾರ್ಡ್ ಎಲ್ಲ ಹಿಡಿಸಬೇಕು’ ಅಂತ 60ಕ್ಕೆ ಹಿಗ್ಗಿಸಿದರೆ ಅದೇ 12 ಸ್ಟಾರ್ಟರ್ ಶೇ. 69ಕ್ಕೆ ಬೀಳುತ್ತದೆ, ಪುನಃ 85ರ ಹತ್ತಿರ ಬರಲು 18 ಬೇಕು. 60 ಕಾರ್ಡಿನ ಡೆಕ್ ತಪ್ಪು ಅಂತಲ್ಲ, ಹದಿನೆಂಟು ನಿಜವಾದ ಸ್ಟಾರ್ಟರ್ ಇರುವ ಥೀಮ್ ಇದ್ದರೆ ಮಾಡಿ. ಬಹಳ ಥೀಮುಗಳಿಗೆ ಅಷ್ಟು ಇರುವುದಿಲ್ಲ.

ಮತ್ತೆ ಗಾರ್ನೆಟ್. ಜೆಮ್-ನೈಟ್ ಗಾರ್ನೆಟ್‌ನಿಂದ ಬಂದ ಹೆಸರು. ಡೆಕ್ಕಿನ ಒಳಗೆ ಇರಲೇಬೇಕು, ಕೈಗೆ ಬಂದರೆ ಉಪಯೋಗವಿಲ್ಲ ಅನ್ನುವ ಕಾರ್ಡ್. 40ರಲ್ಲಿ ಒಂದು ಗಾರ್ನೆಟ್ ಮೊದಲ ಕೈಗೆ ಬರುವುದು ಎಂಟು ಆಟಕ್ಕೆ ಒಂದು ಸಲ. ಅದನ್ನು ಸಹಿಸಬಹುದು. ಮೂರು ಬೇರೆ ಬೇರೆ ಗಾರ್ನೆಟ್ ಕೇಳುವ ಕಾಂಬೊ (ಒಟ್ಟಿಗೆ ಸೇರಿ ಕೆಲಸ ಮಾಡುವ ಕಾರ್ಡ್‌ಗಳ ಜೋಡಣೆ) ಇದ್ದರೆ ಒಂದಾದರೂ ಬರುವುದು ಶೇ. 34. ಅಂಥ ಕಾಂಬೊ ನೋಡಲು ಚೆಂದ, ಅಷ್ಟೇ.

ಜೋಕರ್‌ಬೇಡ

ಎಕ್ಸೋಡಿಯಾ ಬಗ್ಗೆ ಹೇಳಿ ಬಲೆಗಾರ. ಸೃಜನಶೀಲ ಡೆಕ್ ಅಂದರೆ ಎಲ್ಲರ ಬಾಯಲ್ಲಿ ಬರುವುದು ಅದೇ.

ಬಲೆಗಾರ

ಐದು ತುಂಡು, ಪ್ರತಿಯೊಂದೂ ಒಂದೇ ಪ್ರತಿ. ಐದೂ ಕೈಗೆ ಬಂದರೆ ಗೆಲುವು. 40ರ ಡೆಕ್ಕಿನಲ್ಲಿ ಮೊದಲ ಕೈಯಲ್ಲೇ ಐದೂ ಬರುವ ಸಾಧ್ಯತೆ 6,58,008ಕ್ಕೆ ಒಂದು. ಅದಿರಲಿ, ಈ ಅಂಕಿ ನೋಡಿ: ಡೆಕ್ಕಿನ 40ರಲ್ಲಿ 30 ಕಾರ್ಡ್ ಎಳೆದು ಮುಗಿಸಿದರೂ ಐದೂ ಕೈಯಲ್ಲಿರುವುದು ಶೇ. 22 ಮಾತ್ರ. ಕೊನೇ ಹತ್ತರಲ್ಲಿ ಒಂದಾದರೂ ಸಿಕ್ಕಿಕೊಂಡಿರುತ್ತದೆ. ಹಾಗಾಗಿ ‘ಡ್ರಾ ಮಾಡುತ್ತಾ ಹೋದರೆ ಬರುತ್ತದೆ’ ಅನ್ನುವ ಎಕ್ಸೋಡಿಯಾ ಡೆಕ್ ಇಡೀ ಡೆಕ್ಕನ್ನೇ ಒಂದು ಟರ್ನಿನಲ್ಲಿ ಎಳೆಯುವಂತಿರಬೇಕು, ಇಲ್ಲವೇ ತುಂಡುಗಳನ್ನು ಹೆಸರು ಹಿಡಿದು ಹುಡುಕುವಂತಿರಬೇಕು. ನಡುವಿನ ದಾರಿ ಇಲ್ಲ. ಬಿಟ್ಟ 35 ಜಾಗದಲ್ಲಿ ಎಕ್ಸೋಡಿಯಾದ ‘ಸೊಬಗು’ ಒಂದೂ ಇರಬಾರದು; ಎಲ್ಲ ಡ್ರಾ, ಹುಡುಕು, ಎದುರಾಳಿಯನ್ನು ಒಂದು ಟರ್ನ್ ತಡೆ, ಇಷ್ಟೇ.

ನೀಲಿಮಸಿ

ಅಂದರೆ ವಿಚಿತ್ರ ಐಡಿಯಾ ಇಟ್ಟುಕೊಂಡರೆ ಉಳಿದದ್ದೆಲ್ಲ ಸಪ್ಪೆ ಆಗಲೇಬೇಕೇ? ಹಾಗಾದರೆ ಕಟ್ಟುವ ಖುಷಿ ಎಲ್ಲಿ?

ಲೆಕ್ಕಣಿಕೆ

ಸಪ್ಪೆ ಕಾರ್ಡ್‌ಗಳನ್ನು ಆರಿಸುವುದರಲ್ಲೇ ಖುಷಿ ಇದೆ ಸ್ವಾಮಿ. ಎರಡು ತುಂಡಿನ ಕಾಂಬೊ ತೆಗೆದುಕೊಳ್ಳಿ, ಎ ನಾಲ್ಕು, ಬಿ ನಾಲ್ಕು, 60ರ ಡೆಕ್. ಎರಡನೆಯವರಾಗಿ ಆಡುತ್ತಾ ನಾಲ್ಕನೇ ಟರ್ನಿಗೆ 11 ಕಾರ್ಡ್ ನೋಡುತ್ತೀರಿ. ಎರಡೂ ಸಿಕ್ಕಿರುವುದು ಶೇ. 31. ಈಗ ಬಿ ಮಾಡುವ ಕೆಲಸವನ್ನೇ ಸ್ವಲ್ಪ ಕಳಪೆಯಾಗಿ ಮಾಡುವ ಇನ್ನೊಂದು ಕಾರ್ಡ್ ಹುಡುಕಿ ನಾಲ್ಕು ಹಾಕಿ. ಶೇ. 46ಕ್ಕೆ ಹಾರುತ್ತದೆ. ಆ ‘ಕಳಪೆ ಬಿ’ಯನ್ನು ಹಳೇ ಸೆಟ್‌ಗಳಲ್ಲಿ, ಯಾರೂ ತಿರುಗಿ ನೋಡದ ಕಾಮನ್ ಕಾರ್ಡ್‌ಗಳಲ್ಲಿ ಹುಡುಕುವುದೇ ಡೆಕ್ ಕಟ್ಟುವವನ ಕೈಚಳಕ. ಕಾಂಬೊ ಯಾರಾದರೂ ಕಂಡುಹಿಡಿಯುತ್ತಾರೆ.

ತದ್ವಿರುದ್ಧ ತಪ್ಪು: ಮೂರನೇ ತುಂಡು ಸೇರಿಸುವುದು. ‘ಸಿ ಕೂಡ ಇದ್ದರೆ ಅನಂತ ಮನಾ!’ ಎ ಮತ್ತು ಬಿ ಇದ್ದಾಗಲೇ ಗೆಲ್ಲುತ್ತಿದ್ದರೆ ಸಿ ಯಾತಕ್ಕೆ? ಗೆಲ್ಲುತ್ತಿರುವ ಆಟವನ್ನು ಇನ್ನೂ ಜೋರಾಗಿ ಗೆಲ್ಲಿಸುವ ಕಾರ್ಡನ್ನು ಮೊದಲು ಕಿತ್ತು ಹಾಕಿ.

ಕೈಖಾಲಿ

ಖುಷಿ ಕೇಳಿದಿರಿ, ಹಾಗಾಗಿ ಲ್ಯಾಂಟರ್ನ್ ಕಂಟ್ರೋಲ್ ಬಗ್ಗೆ ಉದ್ದವಾಗಿ ಬರೆಯುತ್ತೇನೆ, ಕ್ಷಮೆ ಇರಲಿ. ಮಾಡರ್ನ್‌ನಲ್ಲಿ ಇಷ್ಟು ಸ್ವಂತಿಕೆಯ ಡೆಕ್ ಕಮ್ಮಿ.

ಲ್ಯಾಂಟರ್ನ್ ಆಫ್ ಇನ್‌ಸೈಟ್, ಒಂದು ಮನಾ: ಎಲ್ಲರ ಲೈಬ್ರರಿಯ ಮೇಲಿನ ಕಾರ್ಡ್ ತೆರೆದೇ ಇರುತ್ತದೆ. ಕೋಡೆಕ್ಸ್ ಶ್ರೆಡರ್, ಒಂದು ಮನಾ: ಟ್ಯಾಪ್ ಮಾಡಿದರೆ ಒಬ್ಬರ ಲೈಬ್ರರಿಯಿಂದ ಒಂದು ಕಾರ್ಡ್ ಮಿಲ್. ಬೇರೆ ಬೇರೆ ನೋಡಿದರೆ ಎರಡೂ ಕಸ. ಒಟ್ಟಿಗೆ ಇಟ್ಟರೆ ಎದುರಾಳಿ ಏನು ಎಳೆಯಬೇಕು ಅಂತ ತೀರ್ಮಾನಿಸುವುದು ನಾವು. ಮೇಲಿರುವುದು ಬೇಡದ ಲ್ಯಾಂಡ್ ಆದರೆ ‘ತಗೊಳ್ಳಿ’. ಅಪಾಯದ ಕಾರ್ಡ್ ಆದರೆ ಗ್ರೇವ್‌ಯಾರ್ಡಿಗೆ, ಮುಂದಿನದು ತೆರೆದುಕೊಳ್ಳುತ್ತದೆ.

ಮಿಲ್ ಮಾಡುವ ಸಾಮಾನು n ಇದ್ದರೆ, ಎದುರಾಳಿಗೆ ಅಪಾಯದ ಕಾರ್ಡ್ ದಕ್ಕಬೇಕಾದರೆ ಮೇಲಿನ n + 1 ಕಾರ್ಡೂ ಅಪಾಯದವೇ ಆಗಿರಬೇಕು. ಅವರ ಡೆಕ್ಕಿನ ಅರ್ಧ ಅಪಾಯದ್ದು ಅಂದುಕೊಳ್ಳಿ. ಒಂದು ಶ್ರೆಡರ್ ಇದ್ದರೆ ನಾಲ್ಕಕ್ಕೆ ಒಂದು ಸಲ, ಎರಡಿದ್ದರೆ ಎಂಟಕ್ಕೊಂದು, ಮೂರಿದ್ದರೆ ಹದಿನಾರಕ್ಕೊಂದು. ಮೂರನೇ ಶ್ರೆಡರ್ ಇಳಿದ ಮೇಲೆ ಅವರು ಹೆಚ್ಚುಕಮ್ಮಿ ಆಡುತ್ತಲೇ ಇಲ್ಲ.

ಇನ್ನೊಂದು ರಂಧ್ರ ಮುಚ್ಚಬೇಕು: ಲ್ಯಾಂಟರ್ನ್ ಬರುವ ಮೊದಲೇ ಇಳಿದ ಕ್ರೀಚರ್‌ಗಳು. ಅದಕ್ಕೆ ಎನ್‌ಸ್ನೇರಿಂಗ್ ಬ್ರಿಡ್ಜ್, ಮೂರು ಮನಾ. ನಮ್ಮ ಕೈಯಲ್ಲಿರುವ ಕಾರ್ಡ್ ಸಂಖ್ಯೆಗಿಂತ ಹೆಚ್ಚು ಪವರ್ ಇರುವ ಕ್ರೀಚರ್ ದಾಳಿ ಮಾಡುವಂತಿಲ್ಲ. ಕೈ ಖಾಲಿ ಮಾಡಿಕೊಂಡರೆ ಪವರ್ ಸೊನ್ನೆ ಇದ್ದವು ಮಾತ್ರ ಬರಬಹುದು. ಒಂದು ಮನಾದ ಸಾಮಾನುಗಳಿಂದ ತುಂಬಿದ ಡೆಕ್ಕಿಗೆ ಕೈ ಖಾಲಿ ಮಾಡುವುದು ತಂತಾನೇ ಆಗುತ್ತದೆ. ಎಲ್ಲ ಡೆಕ್ಕಿಗೂ ಕೆಟ್ಟದ್ದು ಅನ್ನಿಸುವ ಸ್ಥಿತಿ ಇಲ್ಲಿ ಗೋಡೆ. ಇದೇ ನನಗೆ ಇಷ್ಟವಾಗುವ ಸೃಜನಶೀಲತೆ.

ಕೆಡುವುದು ಎಲ್ಲಿ? ಒಂದು, ಬ್ರಿಡ್ಜ್ ಒಡೆಯುವ ಕಾರ್ಡನ್ನು ಎದುರಾಳಿ ಮೊದಲೇ ಕೈಯಲ್ಲಿ ಬಚ್ಚಿಟ್ಟುಕೊಂಡಿದ್ದರೆ ಲ್ಯಾಂಟರ್ನ್ ಏನೂ ಮಾಡಲಾರದು. ಅದಕ್ಕೇ ಕೈ ನೋಡಿ ಕಾರ್ಡ್ ಬಿಸಾಡಿಸುವ ಒಂದು ಮನಾದ ಕಪ್ಪು ಸ್ಪೆಲ್‌ಗಳು ಇದರಲ್ಲಿ ಇರುತ್ತವೆ. ಎರಡು, ತಪ್ಪು ಅಂದಾಜು: ಎದುರಾಳಿಯ ಡೆಕ್ ಗೊತ್ತಿಲ್ಲದಿದ್ದರೆ ಯಾವುದು ಅಪಾಯ ಅಂತಲೇ ತಿಳಿಯುವುದಿಲ್ಲ. ಮೂರು, ಗಡಿಯಾರ. ಟೂರ್ನಮೆಂಟ್ ಸುತ್ತಿಗೆ ಸಾಮಾನ್ಯವಾಗಿ 50 ನಿಮಿಷ, ಅಷ್ಟರಲ್ಲಿ ಎರಡು ಆಟ ಗೆಲ್ಲಬೇಕು. ಪ್ರತಿ ಡ್ರಾಗೂ ಗಲ್ಲಕ್ಕೆ ಕೈ ಹಚ್ಚಿ ಕೂತರೆ ಪಂದ್ಯ ಸಮಬಲ.

ಆರನೇ_ಬಹುಮಾನ

ಪೋಕೆಮಾನ್ ಆಡುವವರು ಮೇಲಿನ ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ. ಇಲ್ಲಿ ಡೆಕ್ ಸರಿಯಾಗಿ 60, ಒಂದು ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಕಾರ್ಡ್ ಎಳೆಯುವುದು ಸಲೀಸು, ಆದರೆ ಆರು ಕಾರ್ಡ್ ಪ್ರೈಜ್ ಆಗಿ (ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ಎತ್ತಿಕೊಳ್ಳುವವು) ಮುಖ ಕೆಳಗೆ ಮಾಡಿ ಕೂರುತ್ತವೆ.

ಒಂದೇ ಪ್ರತಿ ಹಾಕಿದ ಕಾರ್ಡ್ ಪ್ರೈಜ್‌ನಲ್ಲಿ ಸಿಕ್ಕಿಕೊಳ್ಳುವುದು ಹತ್ತಕ್ಕೆ ಒಂದು ಸಲ. ವಿಚಿತ್ರ ಡೆಕ್ಕಿನ ಇಡೀ ಗೆಲುವು ಆ ಒಂದು ಕಾರ್ಡಿನ ಮೇಲೆ ನಿಂತಿದ್ದರೆ ಶೇ. 10 ಆಟ ಶುರುವಾಗುವ ಮೊದಲೇ ತೊಂದರೆಯಲ್ಲಿದೆ. ಎರಡು ಹಾಕಿ. ನಾಲ್ಕು ಹಾಕಿದ ಕಾರ್ಡಿನಲ್ಲೂ ಕನಿಷ್ಠ ಒಂದು ಪ್ರೈಜ್‌ಗೆ ಹೋಗುವುದು ಶೇ. 35, ಅದು ಲೆಕ್ಕದಲ್ಲಿರಲಿ.

ಬೇಸಿಕ್ (ಕೈಯಿಂದ ನೇರ ಇಳಿಸಬಹುದಾದ ಪೋಕೆಮಾನ್) ಎಷ್ಟು? ಮೊದಲ ಏಳರಲ್ಲಿ ಒಂದೂ ಬೇಸಿಕ್ ಪೋಕೆಮಾನ್ ಇಲ್ಲದಿದ್ದರೆ ಕೈ ತೋರಿಸಿ ಮತ್ತೆ ಎಳೆಯಬೇಕು, ಎದುರಾಳಿ ಬೇಕಿದ್ದರೆ ಒಂದು ಕಾರ್ಡ್ ಹೆಚ್ಚು ಎಳೆಯುತ್ತಾರೆ. 8 ಬೇಸಿಕ್ ಇದ್ದರೆ ಹಾಗಾಗುವುದು ಶೇ. 35, 12 ಇದ್ದರೆ ಶೇ. 19. ‘ಒಂದೇ ಆಕ್ರಮಣಕಾರ, ಉಳಿದದ್ದೆಲ್ಲ ಟ್ರೇನರ್’ ಅನ್ನುವ ಡೆಕ್ ಕಟ್ಟುವವರು ಇದನ್ನು ಮರೆಯುತ್ತಾರೆ. ಐಡಿಯಾ ಗುಟ್ಟಾಗಿದ್ದರಷ್ಟೇ ಕೆಲಸ ಮಾಡುವಂಥದ್ದಾದರೆ ಆಟಕ್ಕೆ ಮುಂಚೆಯೇ ಕೈ ತೋರಿಸುವುದು ಇನ್ನೂ ದುಬಾರಿ.

ಸ್ಟೇಜ್ 2 (ಬೇಸಿಕ್‌ನಿಂದ ಎರಡು ಹಂತ ಬೆಳೆದ) ಪೋಕೆಮಾನ್ ಸುತ್ತ ಕಟ್ಟುವುದಾದರೆ ರೇರ್ ಕ್ಯಾಂಡಿ (ನಡುವಿನ ಹಂತ ಹಾರಿಸುವ ಕಾರ್ಡ್) ನಾಲ್ಕು. ಇದನ್ನು ಮೊದಲ ಟರ್ನಿನಲ್ಲಿ ಬಳಸುವಂತಿಲ್ಲ, ಅದೇ ಟರ್ನಿನಲ್ಲಿ ಇಳಿಸಿದ ಬೇಸಿಕ್ ಮೇಲೂ ಬಳಸುವಂತಿಲ್ಲ. ಆದ್ದರಿಂದ ಮೊದಲ ಟರ್ನಿನಲ್ಲಿ ಬೆಂಚಿಗೆ ಆ ಬೇಸಿಕ್ ಎರಡಾದರೂ ಬರಬೇಕು. ಒಂದೇ ಇಳಿಸಿದರೆ ಎದುರಾಳಿ ಅದನ್ನೇ ಹೊಡೆಯುತ್ತಾರೆ. ನಡುವಿನ ಸ್ಟೇಜ್ 1 ಪೂರ್ತಿ ತೆಗೆಯಬೇಡಿ. ಕ್ಯಾಂಡಿ ಪ್ರೈಜ್‌ಗೆ ಹೋದರೆ ಅಥವಾ ಎದುರಾಳಿ ಐಟಂ ಆಡದಂತೆ ಕಟ್ಟಿಹಾಕಿದರೆ ಅದೇ ದಾರಿ.

ಅಭ್ಯಾಸದ ಒಂದು ವಿಷಯ: ಆಟದಲ್ಲಿ ಮೊದಲ ಸಲ ಡೆಕ್ ಹುಡುಕುವಾಗ ಬೇಕಾದ ಕಾರ್ಡ್ ಎತ್ತಿಕೊಂಡು ಮುಚ್ಚಬೇಡಿ. ಮುಖ್ಯ ಕಾರ್ಡ್‌ಗಳ ಎಣಿಕೆ ಮಾಡಿ, ಕೈ ಮತ್ತು ಮೇಜಿನಲ್ಲಿರುವುದು ಕಳೆದು, ಉಳಿದದ್ದು ಪ್ರೈಜ್ ಅಂತ ತಿಳಿಯಿರಿ. 60 ಎಣಿಸಬೇಕಿಲ್ಲ, ಗೆಲುವಿಗೆ ಬೇಕಾದ ಆರೇಳು ಹೆಸರು ಸಾಕು. ಯಾವಾಗಲೂ ಒಂದೇ ಕ್ರಮದಲ್ಲಿ ಎಣಿಸಿ, ಬೇಗ ಆಗುತ್ತದೆ.

ನೂರರಲ್ಲೊಂದು

ಮತ್ತೆ ಮ್ಯಾಜಿಕ್: ಪೆಟಿಷನರ್ಸ್ ಅನ್ನು ಕಮಾಂಡರ್ ಫಾರ್ಮ್ಯಾಟಿಗೆ (ನೂರು ಕಾರ್ಡಿನ ಡೆಕ್, ಸಾಮಾನ್ಯವಾಗಿ ನಾಲ್ವರ ಆಟ) ತರುವವರಿಗೆ. ಒಂದೊಂದೇ ಪ್ರತಿ ಅನ್ನುವ ನಿಯಮವನ್ನೂ ಆ ಕಾರ್ಡಿನ ಮಾತು ಮೀರುತ್ತದೆ. ಆದರೆ ಎದುರಾಳಿಗಳು ಮೂವರು. ಎಂಟನೇ ಟರ್ನಿನ ಹೊತ್ತಿಗೆ ಒಬ್ಬೊಬ್ಬರ ಲೈಬ್ರರಿ 99ರಿಂದ 84ಕ್ಕೆ ಇಳಿದಿರುತ್ತದೆ. ಒಬ್ಬರಿಗೆ ಏಳು ಸಲ, ಮೂವರಿಗೆ 21 ಸಲ, ಅಂದರೆ ಒಂದೇ ಟರ್ನಿನಲ್ಲಿ 84 ಪೆಟಿಷನರ್ಸ್ ಬೇಕು. ಆಗದ ಮಾತು.

ಇಲ್ಲಿ ಬೇಕಾದ್ದು ಇಂಟ್ರೂಡರ್ ಅಲಾರಂ, ಮೂರು ಮನಾ ಎನ್‌ಚಾಂಟ್‌ಮೆಂಟ್. ಯಾವುದೇ ಕ್ರೀಚರ್ ಇಳಿದರೆ ಎಲ್ಲ ಕ್ರೀಚರ್ ಅನ್‌ಟ್ಯಾಪ್. ರಿಪಲ್ ಸರಪಳಿಯಲ್ಲಿ ಒಬ್ಬೊಬ್ಬರಾಗಿ ಇಳಿಯುತ್ತಾರೆ, ಹಾಗಾಗಿ ಮೇಜಿನ ಮೇಲೆ ನಾಲ್ವರಾದ ನಂತರ ಬರುವ ಪ್ರತಿಯೊಬ್ಬನೂ ಹನ್ನೆರಡು ಮಿಲ್. ಎಂಟು ಜನ ಆದ ಮೇಲೆ ಪ್ರತಿಯೊಬ್ಬನೂ 24. ನಡುನಡುವೆ ಟ್ಯಾಪ್ ಮಾಡುವುದು ಮರೆತು ಎಲ್ಲ ಇಳಿದ ಮೇಲೆ ಲೆಕ್ಕ ಶುರು ಮಾಡಿದರೆ ಅಲಾರಂ ಹಾಕಿದ್ದು ವ್ಯರ್ಥ. ಎದುರಾಳಿಗಳ ಕ್ರೀಚರ್‌ಗಳೂ ಅನ್‌ಟ್ಯಾಪ್ ಆಗುತ್ತವೆ ಅನ್ನುವುದು ನೆನಪಿರಲಿ, ಅಲಾರಂ ಇರುವಾಗ ಮಾಮೂಲಿ ಅನ್‌ಟ್ಯಾಪ್ ಹಂತದಲ್ಲಿ ಯಾರ ಕ್ರೀಚರ್ರೂ ಏಳುವುದಿಲ್ಲ. ಗೆಲ್ಲುವ ಟರ್ನಿನಲ್ಲೇ ಇಳಿಸಿ.

ಜೋಕರ್‌ಬೇಡ

200 ಕಾರ್ಡಿನ ಬ್ಯಾಟಲ್ ಆಫ್ ವಿಟ್ಸ್ ಬಗ್ಗೆ ಯಾರೂ ಎತ್ತಿಲ್ಲ?

ಲೆಕ್ಕಣಿಕೆ

ಅಪ್‌ಕೀಪ್‌ನಲ್ಲಿ ಲೈಬ್ರರಿಯಲ್ಲಿ 200 ಅಥವಾ ಹೆಚ್ಚು ಕಾರ್ಡ್ ಇದ್ದರೆ ಗೆಲುವು. ಡೆಕ್ 240 ಅಂದುಕೊಂಡರೆ ನಾಲ್ಕು ಪ್ರತಿ ಇದ್ದರೂ ಮೊದಲ ಕೈಯಲ್ಲಿ ಸಿಗುವುದು ಶೇ. 11. ಹುಡುಕುವ ಕಾರ್ಡ್ ಇಪ್ಪತ್ತೂ ಮೂವತ್ತೂ ಬೇಕು. ಜೊತೆಗೆ ಗರಿಷ್ಠ ಮಿತಿ ಇಲ್ಲದಿದ್ದರೂ ಡೆಕ್ಕನ್ನು ಯಾರ ಸಹಾಯವೂ ಇಲ್ಲದೆ ನೀವೇ ಕಲೆಸಬಲ್ಲಿರಬೇಕು. ಪ್ರತಿ ಹುಡುಕಾಟದ ನಂತರ ಮತ್ತೆ ಕಲೆಸುವುದು. ಕೈ ನೋವಿಗೆ ಮುಲಾಮು ಸೈಡ್‌ಬೋರ್ಡಿನಲ್ಲಿ (ಆಟಗಳ ನಡುವೆ ಬದಲಿಸಿಕೊಳ್ಳುವ ಹೆಚ್ಚುವರಿ ಕಾರ್ಡ್‌ಗಳ ಜೊತೆ).

ಕಲೆಸುವ ಮಾತು ಬಂತಲ್ಲ: ಲ್ಯಾಂಡ್ ಒಂದೇ ಕಡೆ ಗುಂಪಾಗುತ್ತದೆ ಅಂತ ದೂರುವವರು ಸಾಮಾನ್ಯವಾಗಿ ಸರಿಯಾಗಿ ಕಲೆಸಿರುವುದಿಲ್ಲ. 52 ಎಲೆಗೆ ಏಳು ರಿಫಲ್ (ಕಟ್ಟನ್ನು ಎರಡು ಮಾಡಿ ಎಲೆಗಳನ್ನು ಒಂದರೊಳಗೊಂದು ಬೀಳಿಸಿ ಕಲೆಸುವುದು) ಸಾಕು ಅಂತ 1992ರಲ್ಲಿ ಡೇವ್ ಬೇಯರ್, ಪರ್ಸಿ ಡಯಾಕೊನಿಸ್ ಗಣಿತದಲ್ಲಿ ತೋರಿಸಿದರು. 60ಕ್ಕೂ ಏಳೆಂಟು ಮಾಡಿ. ಮೇಜಿನ ಮೇಲೆ ಆರೇಳು ಗುಡ್ಡೆ ಹಾಕಿ ಎತ್ತುವುದು ಎಣಿಕೆಗೆ ಒಳ್ಳೆಯದು, ಅದು ಕಲೆಸುವುದಲ್ಲ. ಕ್ರಮ ಬದಲಾಗುತ್ತದೆ, ಆದರೆ ಮೊದಲೇ ಹೇಳಬಹುದಾದ ರೀತಿಯಲ್ಲಿ.

ನೂರರಲ್ಲೊಂದು

25 ಪೆಟಿಷನರ್ಸ್ ಹಾಕುವಾಗ ಸ್ಲೀವ್ (ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ) ಬಗ್ಗೆ ಹುಷಾರು. ಅದರಲ್ಲಿ ನಾಲ್ಕೈದು ಫಾಯಿಲ್ (ಹೊಳೆಯುವ ಮುದ್ರಣದ ಪ್ರತಿ) ಇದ್ದರೆ ಅವು ತೇವಕ್ಕೆ ಬಾಗುತ್ತವೆ, ಡೆಕ್ ಕಟ್ ಮಾಡಿದಾಗ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಜಡ್ಜ್ ಕಣ್ಣಿಗೆ ಅದು ಗುರುತು ಮಾಡಿದ ಡೆಕ್. ಎಲ್ಲ ಫಾಯಿಲ್ ಅಲ್ಲದ ಪ್ರತಿ, ಎಲ್ಲಕ್ಕೂ ಒಂದೇ ಪೊಟ್ಟಣದ ಹೊಸ ಸ್ಲೀವ್. ಹರಿದ ನಾಲ್ಕಕ್ಕೆ ಮಾತ್ರ ಹೊಸದು ತೊಡಿಸುವುದೂ ಅದೇ ತಪ್ಪು.

ಕಾರ್ಡ್ ಕೊಳ್ಳುವ ಮುಂಚೆ ಪರೀಕ್ಷೆಗೆ: ಬೇಸಿಕ್ ಲ್ಯಾಂಡ್ ಮುಂದೆ ಹೆಸರು, ಮನಾ, ಶಕ್ತಿ ಬರೆದ ಚೀಟಿ ಇಟ್ಟು ಸ್ಲೀವ್ ಹಾಕಿ. ಮನೆಯಲ್ಲಿ ಸಾಕು, ಅಧಿಕೃತ ಟೂರ್ನಮೆಂಟಿನಲ್ಲಿ ನಡೆಯುವುದಿಲ್ಲ.

ಕೈಖಾಲಿ

ಪರೀಕ್ಷೆ ಅಂದರೆ ಎದುರಾಳಿ ಇಲ್ಲದೆ ಒಬ್ಬರೇ ಆಡಿ ನೋಡುವುದು, ಗೋಲ್ಡ್‌ಫಿಶಿಂಗ್. ಪ್ರತಿ ಆಟಕ್ಕೆ ಬರೆಯಬೇಕಾದ್ದು ಮೂರೇ: ಯಾವ ಟರ್ನಿಗೆ ಮುಗಿಯಿತು, ಮುಗಿದಾಗ ಕೈಯಲ್ಲಿ ಆಡಲಾಗದೆ ಉಳಿದ ಕಾರ್ಡ್ ಯಾವುದು, ಮಲಿಗನ್ (ಮೊದಲ ಕೈ ಬೇಡ ಅಂತ ಮತ್ತೆ ಎಳೆಯುವುದು) ತೆಗೆದುಕೊಂಡಿರೋ ಇಲ್ಲವೋ. ‘ಗೆದ್ದೆ, ಸೋತೆ’ ಬರೆದು ಉಪಯೋಗವಿಲ್ಲ. ಉಳಿದ ಕಾರ್ಡಿನ ಕಾಲಂನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅದನ್ನು ಒಂದು ಕಮ್ಮಿ ಮಾಡಿ, ಪುನಃ ಆಡಿ. ಒಂದು ಸಲಕ್ಕೆ ಎರಡಕ್ಕಿಂತ ಹೆಚ್ಚು ಕಾರ್ಡ್ ಬದಲಿಸಬೇಡಿ, ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಮಲಿಗನ್ 2019ರಿಂದ ಕಾಂಬೊ ಡೆಕ್‌ಗಳಿಗೆ ಅನುಕೂಲವಾಗಿದೆ: ಪ್ರತಿ ಸಲ ಏಳು ಎಳೆದು, ಎಷ್ಟು ಮಲಿಗನ್ ಆಯಿತೋ ಅಷ್ಟು ಕಾರ್ಡ್ ತಳಕ್ಕೆ. ಈ ಡೆಕ್ಕಿನಲ್ಲಿ ಎರಡು ಐಲ್ಯಾಂಡ್, ಐದು ಪೆಟಿಷನರ್ಸ್ ಕೈ ನೋಡಲು ಚೆಂದ, ಇಟ್ಟುಕೊಳ್ಳಬೇಡಿ. ಮೂರು ಐಲ್ಯಾಂಡ್, ಫ್ಯಾಬ್ರಿಕೇಟ್, ಮೈಂಡ್ ಸ್ಟೋನ್, ಒಬ್ಬ ಪೆಟಿಷನರ್ ಇರುವ ಆರು ಕಾರ್ಡ್ ಅದಕ್ಕಿಂತ ಎಷ್ಟೋ ಮೇಲು.

ನೀಲಿಮಸಿ

25-4-4-4-23 ಮಾಡಿಕೊಂಡೆ. ಉಳಿದದ್ದು ಸೈಡ್‌ಬೋರ್ಡ್. ಎಮ್ರಾಕುಲ್, ದಿ ಅಯಾನ್ಸ್ ಟಾರ್ನ್ ಇರುವ ಡೆಕ್ ಎದುರು ಬಂದರೆ ಮಿಲ್ ಮಾಡಿದ್ದೆಲ್ಲ ವಾಪಸ್ ಕಲೆಸಿಹೋಗುತ್ತದೆ. ಎಲಿಕ್ಸರ್ ಇಟ್ಟವರೂ ಇದ್ದಾರೆ. ಏನು ಮಾಡಲಿ?

ಕೈಖಾಲಿ

ಟಾರ್ಮೋಡ್ಸ್ ಕ್ರಿಪ್ಟ್. ಸೊನ್ನೆ ಮನಾ, ಟ್ಯಾಪ್ ಮಾಡಿ ಬಲಿ ಕೊಟ್ಟರೆ ಒಬ್ಬರ ಗ್ರೇವ್‌ಯಾರ್ಡ್ ಪೂರ್ತಿ ಎಕ್ಸೈಲ್, ಅಂದರೆ ಆಟದಿಂದಲೇ ಹೊರಗೆ. ಎಮ್ರಾಕುಲ್ ಗ್ರೇವ್‌ಯಾರ್ಡಿಗೆ ಬಿದ್ದಾಗ ಕಲೆಸುವುದು ಒಂದು ಟ್ರಿಗರ್, ಸ್ಟ್ಯಾಕಿನ ಮೇಲೆ ಕೂರುತ್ತದೆ. ಅದು ನಡೆಯುವ ಮೊದಲು ಕ್ರಿಪ್ಟ್ ಒಡೆಯಿರಿ: ಎಮ್ರಾಕುಲ್ ಸಮೇತ ಎಲ್ಲ ಎಕ್ಸೈಲ್, ಕಲೆಸಲು ಏನೂ ಉಳಿದಿರುವುದಿಲ್ಲ. ಅವಸರ ಮಾಡಿ ಮುಂಚೆಯೇ ಒಡೆದರೆ ಕೆಲಸಕ್ಕೆ ಬರುವುದಿಲ್ಲ.

ಎಲಿಕ್ಸರ್ ಇನ್ನೂ ಕಿತಾಪತಿ. ಎದುರಾಳಿ ತನ್ನ ಅಪ್‌ಕೀಪ್‌ನಲ್ಲಿ ಎರಡು ಮನಾ ಕೊಟ್ಟು ಅದನ್ನು ಬಳಸುತ್ತಾರೆ, ನೀವು ಉತ್ತರವಾಗಿ ಕ್ರಿಪ್ಟ್ ಒಡೆಯುತ್ತೀರಿ. ಗ್ರೇವ್‌ಯಾರ್ಡ್ ಹೋಯಿತು, ಆದರೆ ಎಲಿಕ್ಸರ್ ತನ್ನನ್ನೂ ಲೈಬ್ರರಿಗೆ ಕಲೆಸಿಕೊಳ್ಳುತ್ತದೆ. ಈಗ ಲೈಬ್ರರಿಯಲ್ಲಿ ಒಂದು ಕಾರ್ಡ್, ಅದೇ ಎಲಿಕ್ಸರ್. ಅವರು ಅದನ್ನು ಎಳೆದು, ಒಂದು ಮನಾಕ್ಕೆ ಇಳಿಸಿ, ಎರಡು ಮನಾಕ್ಕೆ ಮತ್ತೆ ಬಳಸಿ, ಹೀಗೆ ಟರ್ನಿಗೆ ಮೂರು ಮನಾದಲ್ಲಿ ಬದುಕುತ್ತಲೇ ಇರಬಹುದು.

ತಪ್ಪಿಸಲು ಸರಪಳಿಯ ಟರ್ನಿನಲ್ಲಿ ಒಂದು ಐಲ್ಯಾಂಡ್ ಮತ್ತು ಮೊದಲಿನಿಂದ ಮೇಜಿನ ಮೇಲಿರುವ ಒಬ್ಬ ಹಳೇ ಪೆಟಿಷನರ್, ಇಬ್ಬರನ್ನೂ ಟ್ಯಾಪ್ ಮಾಡದೆ ಉಳಿಸಿ. ಹೊಸಬ ಆಗುವುದಿಲ್ಲ, ಒಂದು ಕಾರ್ಡ್ ಮಿಲ್‌ಗೆ ಟ್ಯಾಪ್ ಚಿಹ್ನೆ ಇದೆ ಅಂತ ಮೇಲೆ ಬರೆದಿದ್ದೆನಲ್ಲ. ಎಲಿಕ್ಸರ್ ಲೈಬ್ರರಿಗೆ ಸೇರಿದ ಕೂಡಲೇ, ಇನ್ನೂ ಅವರ ಅಪ್‌ಕೀಪ್ ಇರುವಾಗಲೇ, ಆ ಹಳಬನಿಂದ ಒಂದು ಮಿಲ್. ಲೈಬ್ರರಿ ಮತ್ತೆ ಖಾಲಿ, ಮುಂದಿನದು ಡ್ರಾ.

ಲೆಕ್ಕಣಿಕೆ

ಎಣಿಕೆ: ಕ್ರಿಪ್ಟ್ ಎರಡು ಸಾಕು, ನಾಲ್ಕು ಬೇಡ. ಅದೂ ಆರ್ಟಿಫ್ಯಾಕ್ಟ್, ಫ್ಯಾಬ್ರಿಕೇಟ್‌ಗೆ ಸಿಗುತ್ತದೆ. ಒಳಗೆ ತರುವಾಗ ಫ್ಯಾಬ್ರಿಕೇಟ್ ಮುಟ್ಟಬೇಡಿ, ಎರಡು ಮೈಂಡ್ ಸ್ಟೋನ್ ಹೊರಗೆ ಹೋಗಲಿ. ಅಂಥ ಎದುರಾಳಿಯ ಮೇಲೆ ನಾಲ್ಕನೇ ಟರ್ನಿನ ಅವಸರ ಇರುವುದಿಲ್ಲ.